ಅಪ್ಪ, ನೀವು ಅವತ್ತು ಕೇಳಿದ್ದಕ್ಕೆ ಉತ್ತರ

ಕಾಲ್ಗೂರ್ಲಿ, ಆಸ್ಟ್ರೇಲಿಯಾ, ಭಾನುವಾರ ರಾತ್ರಿ

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ.

ನಾನು ಆರಾಮ ಇದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ ಅವ್ವ, ನೀನು ಮೊದಲು ಕೇಳೋದೇ ಅದು ಅಂತ ಗೊತ್ತು. ಶೇಂಗಾ ಚಟ್ನಿಪುಡಿ ಡಬ್ಬಿ ತಳ ಕಂಡಿದೆ. ಜೋಳದ ಹಿಟ್ಟು ಬೇಕಾದರೆ ಪರ್ತ್‌ನಿಂದ ತರಿಸಬೇಕು, ಅದು ಇಲ್ಲಿಂದ ಸುಮಾರು 600 ಕಿಲೋಮೀಟರ್. ಊರೆಲ್ಲಾ ಕೆಂಪು ಮಣ್ಣು, ಬಿಸಿಲು ನಮ್ಮ ರಾಯಚೂರಿನದೇ. ಕುಡಿಯುವ ನೀರು ಕೂಡ ಪರ್ತ್ ಕಡೆಯಿಂದಲೇ ಪೈಪಿನಲ್ಲಿ ಬರುತ್ತದೆ, 1903ರಿಂದ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಒಂದು ಮಾತು ಅಂದಿರಿ. "ಮೈನಿಂಗ್ ಇಂಜಿನಿಯರಿಂಗ್ ಆಯ್ತು, ಅದರ ಮೇಲೆ ಮತ್ತೆ ಎರಡು ವರ್ಷ ಓದು. ಕಡೆಗೆ ನೀನೂ ಕಲ್ಲು ತಟ್ಟಿ ನೋಡೋದೇ ಆದ್ರೆ, ಅದನ್ನ ನಾನೇ ಕಲಿಸ್ತಿದ್ದೆನಲ್ಲವ್ವ" ಅಂತ. ಏನು ಹೇಳಬೇಕೋ ತಿಳಿಯಲಿಲ್ಲ, ಅಷ್ಟರಲ್ಲಿ ಲೈನ್ ಕಟ್ ಆಯಿತು. ವಾರವೆಲ್ಲಾ ಅದೇ ತಲೆಯಲ್ಲಿತ್ತು. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಜೊತೆ ಹಟ್ಟಿ ಚಿನ್ನದ ಗಣಿಯ ಮಲ್ಲಪ್ಪ ಶಾಫ್ಟ್‌ನಲ್ಲಿ ಇಳಿಯಬೇಕು ಅಂತ ಹಟ ಮಾಡಿದ್ದೆ, ನೆನಪಿದೆಯಾ? ಹೆಣ್ಣುಮಕ್ಕಳನ್ನು ಒಳಗೆ ಬಿಡೋದಿಲ್ಲ ಅಂದಿರಿ. ನನ್ನನ್ನು ಸುಮ್ಮನಾಗಿಸೋಕೆ ಹಾಗೆ ಹೇಳಿದಿರಿ ಅಂದುಕೊಂಡಿದ್ದೆ. ಅದು 1952ರ ಗಣಿ ಕಾಯ್ದೆಯಲ್ಲೇ ಇತ್ತು ಅಂತ ಇಂಜಿನಿಯರಿಂಗ್ ಓದೋಕೆ ಸುರತ್ಕಲ್‌ಗೆ ಹೋದ ಮೇಲೆ ತಿಳಿಯಿತು. 2019ರಲ್ಲಿ ಸರ್ಕಾರ ಅದನ್ನು ಸಡಿಲ ಮಾಡಿತು, ಅದೂ ಬೆಳಗ್ಗೆ 6ರಿಂದ ಸಂಜೆ 7ರವರೆಗೆ, ಟೆಕ್ನಿಕಲ್ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ. ಆದರೆ ನನ್ನ ಟ್ರೈನಿಂಗ್ ಪೂರ್ತಿ ಸಂಡೂರಿನ ತೆರೆದ ಗಣಿಗಳಲ್ಲೇ ಮುಗಿಯಿತು. ಹಟ್ಟಿಯಲ್ಲಿ ಹುಟ್ಟಿದ ನಾನು ಮೊದಲ ಸಲ ನೆಲದೊಳಗೆ ಇಳಿದಿದ್ದು ಇಲ್ಲಿ.

ನಾವು ಹೋದ ಗಣಿಯಲ್ಲಿ ಲಿಫ್ಟಿನ ಹಾಗೆ ಇಳಿಸುವ ಕೇಜ್ ಇರಲಿಲ್ಲ ಅಪ್ಪ. ಸುತ್ತಿ ಸುತ್ತಿ ಇಳಿಯುವ ರಸ್ತೆ, ಡಿಕ್ಲೈನ್ ಅನ್ನುತ್ತಾರೆ, ಜೀಪಿನಲ್ಲೇ ಇಳಿಯೋದು. ಒಳಗೆ ಯಾರಿದ್ದಾರೆ ಅಂತ ತೋರಿಸುವ ಬೋರ್ಡಿಗೆ ನನ್ನ ಟ್ಯಾಗ್ ಹಾಕಿ, ಹೊಗೆ ತುಂಬಿದರೆ ಉಸಿರಾಡೋಕೆ ಬೇಕಾದ ಸೆಲ್ಫ್ ರೆಸ್ಕ್ಯೂಅರ್ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಕೆಳಗೆ ಜೀಪಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದಿದ್ದು ವಾಸನೆ. ಒದ್ದೆ ಕಲ್ಲು, ಬ್ಲಾಸ್ಟಿಂಗ್ ಹೊಗೆ, ಜೊತೆಗೆ ಡೀಸೆಲ್. ಡೀಸೆಲ್ ಒಂದನ್ನು ಬಿಟ್ಟರೆ ಅದು ಪಾಳಿ ಮುಗಿಸಿ ಬಂದಾಗ ನಿಮ್ಮ ಅಂಗಿಯಿಂದ ಬರುತ್ತಿದ್ದ ವಾಸನೆಯೇ. ಕಣ್ಣು ತುಂಬಿ ಬಂತು. ಕತ್ತಲಲ್ಲಿ ಯಾರೂ ನೋಡಲಿಲ್ಲ. ಅವ್ವ, ಒಳಗೆ ದೊಡ್ಡ ಟ್ರಕ್ ಓಡಿಸುತ್ತಿದ್ದವಳು ಹೆಚ್ಚುಕಡಿಮೆ ನಿನ್ನ ವಯಸ್ಸಿನ ಹೆಂಗಸು, ನಮ್ಮನ್ನು ಕಂಡು ಕೈ ಬೀಸಿದಳು.

ಈಗ ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ನೀವು ಕಬ್ಬಿಣದ ಬಾರಿನಿಂದ ಮೇಲಿನ ಕಲ್ಲು ತಟ್ಟಿ, ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಸಡಿಲ ಅಂತ ಹೇಳುತ್ತಿದ್ದಿರಿ. ಇಲ್ಲೂ ಅದೇ ಮಾತು, ಸಡಿಲ ಕಲ್ಲಿಗೆ ಡ್ರಮ್ಮಿ ಅನ್ನುತ್ತಾರೆ. ಆದರೆ ಬಾರು ತಟ್ಟಬೇಕಾದರೆ ಮನುಷ್ಯ ಆ ಕಲ್ಲಿನ ಹತ್ತಿರ ಹೋಗಿ ನಿಲ್ಲಬೇಕು, ಅಲ್ವಾ? ಅಲ್ಲಿ ಯಾರೂ ನಿಲ್ಲುವ ಮೊದಲೇ ಕಲ್ಲಿನ ಬಗ್ಗೆ ತಿಳಿದುಕೊಳ್ಳೋದು ಹೇಗೆ ಅನ್ನೋದೇ ನನ್ನ ಓದು.

ಒಂದು ದಾರಿ ಕೋರ್. ಡ್ರಿಲ್ ಮಾಡಿ ತೆಗೆದ ಉದ್ದನೆಯ ಕಲ್ಲಿನ ಕೋಲುಗಳನ್ನು ಟ್ರೇಯಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಬಿಸಿಲಿನ ಶೆಡ್ಡಿನಲ್ಲಿ ಟೇಪ್ ಹಿಡಿದು ಒಂದೊಂದೇ ತುಂಡು ಅಳೆಯುತ್ತೇನೆ. 10 ಸೆಂಟಿಮೀಟರಿಗಿಂತ ಉದ್ದ ಇದ್ದರೆ ಮಾತ್ರ ಲೆಕ್ಕಕ್ಕೆ. 3 ಮೀಟರ್ ಕೋರಿನಲ್ಲಿ ಅಂಥ ತುಂಡುಗಳು ಸೇರಿ 2.4 ಮೀಟರ್ ಬಂದರೆ ಆ ಕಲ್ಲಿನ ಗುಣಮಟ್ಟ 80 ಪರ್ಸೆಂಟ್. ಕೇಳೋಕೆ ಸುಲಭ. ಆದರೆ ಕೆಲವು ತುಂಡು ಡ್ರಿಲ್ ಮಾಡುವಾಗಲೋ ಟ್ರೇಗೆ ಹಾಕುವಾಗಲೋ ಮುರಿದಿರುತ್ತವೆ, ಅದು ಕಲ್ಲಿನ ತಪ್ಪಲ್ಲ. ಎರಡು ತುದಿ ಸೇರಿಸಿ ನೋಡಬೇಕು. ಮುರಿದ ಜಾಗ ಹೊಸದಾಗಿ ಹೊಳೆಯುತ್ತಾ, ಒಡೆದ ಬಟ್ಟಲಿನ ಚೂರಿನ ಹಾಗೆ ಒಂದಕ್ಕೊಂದು ಸರಿಯಾಗಿ ಕೂತರೆ ಅದನ್ನು ಒಂದೇ ತುಂಡು ಅಂತ ಹಿಡಿಯುತ್ತೇವೆ. ಹಳೆಯ ಬಿರುಕಾದರೆ ಹೆಬ್ಬೆರಳಿನಿಂದ ಸವರಬೇಕು. ಒರಟಾಗಿದ್ದರೆ ಒಳ್ಳೆಯದು, ಕಲ್ಲು ಕಲ್ಲನ್ನು ಹಿಡಿದುಕೊಂಡಿರುತ್ತದೆ. ಸೋಪಿನ ಹಾಗೆ ಜಾರಿದರೆ ಅದೇ ಹೆದರಿಕೆಯದು. ಮೇಲಿನ ಕಲ್ಲು ಬೀಳದ ಹಾಗೆ ಹಿಡಿಯೋಕೆ ಎಷ್ಟು ಬೋಲ್ಟ್, ಎಂಥ ಜಾಲರಿ ಅನ್ನುವ ಲೆಕ್ಕಕ್ಕೆಲ್ಲಾ ಈ ಸವರಿದ ಬೆರಳೇ ಶುರು. ಸಂಜೆ ಹೊತ್ತಿಗೆ ಬೆರಳ ತುದಿ ಉರಿಯುತ್ತಿರುತ್ತದೆ. ನಿಮ್ಮ ಕೈ ಯಾಕೆ ಹಾಗಿತ್ತು ಅಂತ ಈಗ ಸ್ವಲ್ಪ ಅರ್ಥವಾಗುತ್ತಿದೆ.

ಇನ್ನೊಂದು ದಾರಿ ಕಿವಿಯದು. ಕಲ್ಲಿನೊಳಗೇ ಜಿಯೋಫೋನ್ ಅನ್ನುವ ಚಿಕ್ಕ ಯಂತ್ರಗಳನ್ನು ಹೂತಿಟ್ಟಿರುತ್ತಾರೆ. ಬ್ಲಾಸ್ಟ್ ಆದ ಮೇಲೆ ಕಲ್ಲು ಒಂದಷ್ಟು ಹೊತ್ತು ಒಳಗೊಳಗೇ ಚಿಟಿಚಿಟಿ ಬಿರಿಯುತ್ತಾ ಇರುತ್ತದೆ, ನಮ್ಮ ಕಿವಿಗೆ ಕೇಳಿಸದಂಥದ್ದೂ ಜಾಸ್ತಿ. ಆ ಸದ್ದುಗಳ ಎಣಿಕೆ ಮೊದಲು ಏರಿ ನಿಧಾನಕ್ಕೆ ಇಳಿಯುತ್ತದೆ. ಅದು ಮಾಮೂಲಿ ಮಟ್ಟಕ್ಕೆ ಬರುವವರೆಗೆ ಜನರನ್ನು ಒಳಗೆ ಬಿಡಬಾರದು. ಎಷ್ಟು ಹೊತ್ತು ಕಾಯಬೇಕು? ಬೇಗ ಬಿಟ್ಟರೆ ಜೀವಕ್ಕೆ ಅಪಾಯ, ಸುಮ್ನೆ ಜಾಸ್ತಿ ಕಾಯಿಸಿದರೆ ನಾಳೆ ಆ ನಿಯಮವನ್ನು ಯಾರೂ ಪಾಲಿಸೋದಿಲ್ಲ. ನನ್ನ ಥೀಸಿಸ್ ಇದರ ಮೇಲೆಯೇ.

ಒತ್ತಡಕ್ಕೆ ಕಲ್ಲು ಇದ್ದಕ್ಕಿದ್ದ ಹಾಗೆ ಸಿಡಿಯೋದಕ್ಕೆ ರಾಕ್‌ಬರ್ಸ್ಟ್ ಅನ್ನುತ್ತಾರೆ. ಅದರ ಪಾಠದಲ್ಲಿ ನಮ್ಮ ಕೋಲಾರದ ಕೆಜಿಎಫ್ ಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು, ಅಲ್ಲಿನವರು ಕಲ್ಲು ಸಿಡಿಯೋದನ್ನು ತಡೆಯೋಕೆ ಗ್ರಾನೈಟ್ ಗೋಡೆ ಕಟ್ಟುತ್ತಿದ್ದರು ಅಂತ ಹೇಳುವಾಗ ಕ್ಲಾಸಿನವರೆಲ್ಲಾ ನನ್ನ ಕಡೆ ತಿರುಗಿ ನೋಡಿದರು. 2001ರಲ್ಲಿ ಅದು ಮುಚ್ಚಿತು ಅಂತ ನಾನೇ ಹೇಳಿದೆ. ಅಷ್ಟು ಆಳದಲ್ಲಿ, ಅಷ್ಟು ಸೆಖೆಯಲ್ಲಿ ದುಡಿದವರ ಅನುಭವದ ಮೇಲೆ ನಿಂತ ವಿದ್ಯೆ ಇದು. ಅದನ್ನು ಇಷ್ಟು ದೂರ ಬಂದು ಕಲಿಯುತ್ತಿದ್ದೇನಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ಇಲ್ಲಿಗೆ ಹತ್ತಿರದ ಬಾನಿವೇಲ್ ಅನ್ನುವ ಕಡೆ 1907ರಲ್ಲಿ ಜೋರು ಮಳೆ ಬಂದು ಗಣಿಗೆ ನೀರು ನುಗ್ಗಿತಂತೆ. ವಾರಿಸ್ಕೆಟ್ಟಿ ಅಂತ ಇಟಲಿಯ ಒಬ್ಬ ಕೆಲಸಗಾರ ಒಳಗೇ ಸಿಕ್ಕಿಬಿದ್ದ. ಸುತ್ತ ನೀರು, ಅವನಿದ್ದ ಜಾಗದಲ್ಲಿ ಮಾತ್ರ ಗಾಳಿ ಉಳಿದಿತ್ತು. ಅವನು ಕಲ್ಲು ಬಡಿಯುವ ಸದ್ದು ಕೇಳಿಯೇ ಬದುಕಿದ್ದಾನೆ ಅಂತ ಮೇಲಿನವರಿಗೆ ತಿಳಿದದ್ದು. ಡೈವರ್‌ಗಳನ್ನು ಸ್ಪೆಷಲ್ ರೈಲಿನಲ್ಲಿ ಕರೆಸಿದರು. ಒಂಬತ್ತು ದಿನದ ಮೇಲೆ ಅವನನ್ನು ಜೀವಂತ ಹೊರಗೆ ತಂದರು. ಅವ್ವ, ಹೆದರಬೇಡ. ಈಗ ಒಳಗೇ ಉಕ್ಕಿನ ಕೋಣೆ ಇಟ್ಟಿರುತ್ತಾರೆ, ಏನಾದರೂ ಆದರೆ ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ 36 ಗಂಟೆಗೆ ಸಾಕಾಗುವಷ್ಟು ಗಾಳಿ ಇರುತ್ತದೆ. ನಾನೇ ಒಳಗೆ ಕೂತು ನೋಡಿ ಬಂದಿದ್ದೇನೆ.

ಅಪ್ಪ, ನಿಮ್ಮಿಂದ ಒಂದು ಕೆಲಸ ಆಗಬೇಕು. ಹಟ್ಟಿಗೆ ಬರುವ ಮೊದಲು ಒಂದು ಚಿಕ್ಕ ಗಣಿಯಲ್ಲಿ ಇದ್ದಿರಲ್ಲ, ಅಲ್ಲಿ ಒಂದು ರಾತ್ರಿ ಮೇಲಿನಿಂದ ಮರಳು ಉದುರಿದ ಹಾಗೆ ಸದ್ದು ಬಂತು, ಜೊತೆಗಿದ್ದ ಮೂವರನ್ನೂ ಎಳೆದುಕೊಂಡು ಹೊರಗೆ ಬಂದೆ, ನೀರು ಕುಡಿದು ಬಾಟಲಿ ಮುಚ್ಚುವಷ್ಟರಲ್ಲಿ ಕಲ್ಲು ಕುಸಿದು ಕೂತಿತು ಅಂತ ಹೇಳಿದ್ದಿರಿ. ಅದನ್ನು ಮೊದಲಿಂದ ಪೂರ್ತಿ ಹೇಳಿ, ತಮ್ಮನ ಫೋನಿನಲ್ಲಿ ರೆಕಾರ್ಡ್ ಮಾಡಿಸಿ ಕಳಿಸಿ. ಬ್ಲಾಸ್ಟ್ ಆಗಿ ಎಷ್ಟು ಹೊತ್ತಾಗಿತ್ತು, ಸದ್ದು ಒಂದೇ ಕಡೆಯಿಂದ ಬಂತಾ, ನಡುವೆ ನಿಂತು ಮತ್ತೆ ಶುರುವಾಯಿತಾ? ನಿಮ್ಮ ಜೊತೆ ಕೆಲಸ ಮಾಡಿದವರು ಸಿಕ್ಕರೆ ಅವರನ್ನೂ ಕೇಳಿ. ಅವಸರ ಇಲ್ಲ, ಆದರೆ ಮುಂದಿನ ಭಾನುವಾರದೊಳಗೆ ಕಳಿಸಿದರೆ ಒಳ್ಳೆಯದು. ನಮ್ಮ ಪ್ರೊಫೆಸರ್‌ಗೆ ನಿಮ್ಮ ವಿಷಯ ಹೇಳಿದ್ದೇನೆ, ಅವರೂ ಕಾಯುತ್ತಿದ್ದಾರೆ.

ಅವ್ವ, ಅಪ್ಪನ ಕೆಮ್ಮು ಹೇಗಿದೆ ಅಂತ ನೀನೇ ಹೇಳು, ಅವರು ಹೇಳೋದಿಲ್ಲ.

ನಿಮ್ಮ ಮಗಳು