ನೀರು ಬರಲ್ಲ ಅಂತ ಹೇಳಬಹುದು, ಯಾಕೆ ಅಂತ ಕೇಳಬಾರದೇ?

ಮಾನ್ಯ ಸಂಸದರಿಗೆ ನಮಸ್ಕಾರ.

ಟಿವಿ ಚಾನೆಲ್ಲುಗಳು ದಿನವಿಡೀ ಸುದ್ದಿ ಹೇಳುತ್ತವೆ. ಮೊಬೈಲಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಆದರೆ ಆಕಾಶವಾಣಿ ಬಿಟ್ಟರೆ ಬೇರೆ ಯಾವ ಎಫ್‌ಎಂಗೂ, ಸ್ಥಳೀಯ ಸಂಘ-ಸಂಸ್ಥೆಗಳು ನಡೆಸುವ ಸಮುದಾಯ ರೇಡಿಯೊಗೂ ತನ್ನದೇ ಸುದ್ದಿ ಹೇಳಲು ಅನುಮತಿ ಇಲ್ಲ. ಖಾಸಗಿ ಎಫ್‌ಎಂನವರು ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೇ.

ಎಫ್‌ಎಂ ನಿಯಮಾವಳಿಯಲ್ಲಿ ‘ಇದು ಸುದ್ದಿ ಅಲ್ಲ’ ಅಂತ ಬಿಟ್ಟುಕೊಟ್ಟ ಒಂದು ಪಟ್ಟಿ ಇದೆ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ಊರಹಬ್ಬ. ನೀರು, ಕರೆಂಟ್ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಪ್ರಕಟಣೆಯೂ ಅದರಲ್ಲಿದೆ. ಅಂದರೆ, ನಾಳೆ ನಲ್ಲಿಯಲ್ಲಿ ನೀರು ಬರಲ್ಲ ಅಂತ ಆರ್‌ಜೆ ಹೇಳಬಹುದು. ಹೊಸದಾಗಿ ಹಾಕಿದ ಪೈಪು ಇಷ್ಟು ಬೇಗ ಯಾಕೆ ಒಡೆಯಿತು ಅಂತ ಎಂಜಿನಿಯರನ್ನು ಸ್ಟುಡಿಯೊಗೆ ಕರೆಸಿ ಕೇಳಿದರೆ, ಅದು ಸುದ್ದಿಯಂತೆಯೇ ನಿಷೇಧವಿರುವ ‘ಪ್ರಚಲಿತ ವಿದ್ಯಮಾನ’ ಆಗಿಬಿಡುವ ಭಯ. ಲೈಸೆನ್ಸ್ ಕಳೆದುಕೊಳ್ಳಲು ಯಾರು ತಯಾರಿರುತ್ತಾರೆ? ಸುಮ್ನೆ ಇನ್ನೊಂದು ಹಾಡು ಹಾಕುತ್ತಾರೆ.

ಕೋಲಾರ ಜಿಲ್ಲೆಯ ಬೂದಿಕೋಟೆಯ ಕಥೆ ನೀವು ಕೇಳಿರಬಹುದು. ಹಳ್ಳಿಯವರಿಗೆ ರೇಡಿಯೊ ಲೈಸೆನ್ಸ್ ಸಿಗದ ಕಾಲದಲ್ಲಿ, ಅಲ್ಲಿನ ‘ನಮ್ಮ ಧ್ವನಿ’ಯವರು ತಾವೇ ಕಾರ್ಯಕ್ರಮ ಮಾಡಿ ಕೇಬಲ್ ಎಳೆದು ಮನೆಗಳಿಗೆ ಕೇಳಿಸಿದರು. ಕುಡಿಯುವ ನೀರಿಗೆ ತೊಂದರೆಯಾದಾಗ ಹೆಂಗಸರ ದೂರನ್ನು ರೆಕಾರ್ಡ್ ಮಾಡಿ ಪ್ರಸಾರ ಮಾಡಿದರು. ಪೈಪ್ ರಿಪೇರಿ ಆಯಿತು. ಊರಿನ ರೇಡಿಯೊದಿಂದ ನಾನು ಬಯಸುವುದು ಇದನ್ನೇ. 1935ರಲ್ಲೇ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದ ನಾಡು ಇದು. ಈ ಮಾತನ್ನು ನಮ್ಮವರೇ ಎತ್ತಬೇಕು ಅಲ್ವಾ?

1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಸಾರಕ್ಕೆ ಬಳಸುವ ರೇಡಿಯೊ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ಸ್ಪಷ್ಟವಾಗಿ ಹೇಳಿದೆ. ಆದರೂ 2013ರಲ್ಲಿ ‘ಕಾಮನ್ ಕಾಸ್’ ಸಂಸ್ಥೆ ಈ ಸುದ್ದಿ ನಿಷೇಧವನ್ನು ಪ್ರಶ್ನಿಸಿ ಅದೇ ಕೋರ್ಟಿಗೆ ಹೋಗಬೇಕಾಯಿತು. ಭದ್ರತೆಗೆ ಅಪಾಯ, ಎಲ್ಲ ಕೇಂದ್ರಗಳ ಮೇಲೆ ನಿಗಾ ಇಡುವ ವ್ಯವಸ್ಥೆ ಇಲ್ಲ ಎಂಬುದು ಸರ್ಕಾರದ ವಾದ. ಆದರೆ ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಿಡಬೇಕು ಅಂತ ನಿಯಮ ಈಗಾಗಲೇ ಇದೆ. ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯೂ ಅನ್ವಯಿಸುತ್ತದೆ. ಯಾವುದೇ ಧರ್ಮದ ಮೇಲೆ ದಾಳಿ ಮಾಡುವಂತಿಲ್ಲ, ಹಿಂಸೆಗೆ ಪ್ರಚೋದಿಸುವಂತಿಲ್ಲ. ತಪ್ಪು ಮಾಡಿದವರನ್ನು ಹಿಡಿಯಲು ಇಷ್ಟು ಸಾಕು.

ದ್ವೇಷದ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ನಡೆದ ನರಮೇಧದಲ್ಲಿ ಒಂದು ರೇಡಿಯೊ ಕೇಂದ್ರದಿಂದಲೇ ಕೊಲೆಗೆ ಕುಮ್ಮಕ್ಕು ಸಿಕ್ಕಿತು. ಆದರೆ ಆ ಕೇಂದ್ರದ ಹಿಂದೆ ಇದ್ದವರು ಅಧಿಕಾರಕ್ಕೆ ತೀರಾ ಹತ್ತಿರದವರು. ಅಮೆರಿಕದಲ್ಲಿ, ವಿವಾದದ ವಿಷಯ ಬಂದಾಗ ಬೇರೆ ಬೇರೆ ಅಭಿಪ್ರಾಯಗಳಿಗೂ ಜಾಗ ಕೊಡಬೇಕು ಎಂಬ ನಿಯಮವನ್ನು 1987ರಲ್ಲಿ ಕೈಬಿಟ್ಟರು. ಆಮೇಲೆ ಅಲ್ಲಿ ಟಾಕ್ ರೇಡಿಯೊ ಬೆಳೆದದ್ದು ಹೆಚ್ಚಾಗಿ ಒಂದೇ ಕಡೆಗೆ ವಾಲಿಕೊಂಡು. ಹಾಗಾಗಿ ಮಾತಿಗೆ ಅನುಮತಿ ಕೊಡುವಾಗ, ದೂರಿಗೆ ಒಳಗಾದವರ ಉತ್ತರವನ್ನೂ ಅದೇ ಹೊತ್ತಿನಲ್ಲಿ ಪ್ರಸಾರ ಮಾಡಬೇಕು ಅಂತ ಷರತ್ತು ಹಾಕಿ. ನಾನೂ ಒಪ್ಪುತ್ತೇನೆ.

ಧಾರ್ಮಿಕ ಸಂಸ್ಥೆಗಳಿಗೂ ರಾಜಕೀಯ ಪಕ್ಷಗಳಿಗೂ ಎಫ್‌ಎಂ ಲೈಸೆನ್ಸ್ ಕೊಡುವಂತಿಲ್ಲ ಎಂಬ ನಿಯಮ ಹಾಗೇ ಇರಲಿ. ಬೆಳಿಗ್ಗೆ ವಚನ, ಭಜನೆ, ಸೂಫಿ ಹಾಡು, ಕ್ರಿಸ್ಮಸ್ ಗೀತೆ ಎಲ್ಲಾ ಬರಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಮೂರೋ ನಾಲ್ಕೋ ತರಂಗ ಸಿಗುವ ಊರಲ್ಲಿ ಒಂದನ್ನು ಮಠಕ್ಕೋ ಚರ್ಚಿಗೋ ಮಸೀದಿಗೋ ಕೊಟ್ಟರೆ, ಉಳಿದವರಿಗೆ ಏನು ಉತ್ತರ ಕೊಡುತ್ತೀರಿ?

2023ರ ಸೆಪ್ಟೆಂಬರಿನಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ), ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಹೇಳಲು ಬಿಡಿ ಅಂತ ಶಿಫಾರಸು ಮಾಡಿತು. 2024ರ ಆಗಸ್ಟಿನಲ್ಲಿ 234 ಹೊಸ ಊರುಗಳಲ್ಲಿ 730 ಎಫ್‌ಎಂ ಚಾನೆಲ್ ಹರಾಜಿಗೆ ಕೇಂದ್ರ ಸಂಪುಟ ಒಪ್ಪಿತು. ಸ್ಥಳೀಯ ಭಾಷೆಗೆ ಬಲ ಬರುತ್ತದೆ ಅಂತಲೂ ಹೇಳಿದರು. ಊರಿನ ವಿಷಯವನ್ನೇ ಮಾತಾಡಲು ಬಿಡದೆ ಯಾವ ಬಲ ಬರುತ್ತದೆ?

ನನ್ನ ಮನವಿ ಇಷ್ಟೇ. ಮುಂದಿನ ಅಧಿವೇಶನದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಎರಡು ಪ್ರಶ್ನೆ ಕೇಳಿ. ಟ್ರಾಯ್ ಶಿಫಾರಸನ್ನು ಯಾವಾಗ ಜಾರಿಗೆ ತರುತ್ತಾರೆ? ಜಾಹೀರಾತಿನ ದುಡ್ಡೂ ಸರಿಯಾಗಿ ಕಾಣದ ಸಮುದಾಯ ರೇಡಿಯೊಗಳಿಗೆ ಅದೇ ಅವಕಾಶ ಯಾಕಿಲ್ಲ? ಸಚಿವರ ಉತ್ತರವನ್ನು ಕನ್ನಡದಲ್ಲೂ ಪ್ರಕಟಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ರೇಡಿಯೊ ಕೇಳುಗ