ಮಗಳಿಗೊಂದು ಪತ್ರ: ನಿಂಗ ಸಿಕ್ಕಿದ್ದು ಸಣ್ಣ ಕೆಲಸ ಅಲ್ಲ

ಪ್ರೀತಿಯ ಮಗಳ,

ನಿನ್ನೆ ಫೋನಿನ್ಯಾಗ ನಿನ್ನ ದನಿ ಭಾಳ ಸಪ್ಪಗಿತ್ತು. ಕಾಲೇಜ್ ಎಕ್ಸಿಬಿಷನ್ನಿಗೆ ಸ್ಪೇಸ್ ಸ್ಟೇಷನ್ ಮಾಡೆಲ್ ಮಾಡಾಕತ್ತೀರಿ, ರಾಕೆಟ್ ಒಬ್ರಿಗೆ ಕೊಟ್ರು, ಡಾಕಿಂಗ್, ಅಂದ್ರ ಹಡಗ ಸ್ಟೇಷನ್ನಿಗೆ ಕೂಡಸೋದು, ಇನ್ನೊಬ್ರಿಗೆ ಕೊಟ್ರು, ಸಾಮಾನು ಇಳಿಸಿದ ಹಡಗ ವಾಪಸ್ ಹೋಗೋದಷ್ಟ ನಿಂಗ ಉಳೀತು, "ಅದ್ರಾಗ ಏನೈತಿ ಅಪ್ಪಾ, ಕೊಂಡಿ ಬಿಚ್ಚೋದು, ಹೋಗೋದು" ಅಂದಿ. ಫೋನಿನ್ಯಾಗ ಇಷ್ಟೆಲ್ಲಾ ಹೇಳಾಕ ಆಗೂದಿಲ್ಲ ಅಂತ ಬರ್ಯಾಕತ್ತೀನಿ. ನನ್ನ ಕೇಳಿದ್ರ ನಿಂಗ ಸಿಕ್ಕಿದ್ದ ಎಲ್ಲಾಕ್ಕಿಂತ ಚಲೋ ಭಾಗ.

ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಕುಂತು ಸಂಸಾರ ನಡಸಿದಾಂವ ನಾನು. ಹುಬ್ಬಳ್ಳಿಯಿಂದ ಗಾಡಿ ತುಂಬಿ ಕಳಸಿದ ಕೂಡ್ಲೇ ಕೆಲಸ ಮುಗೀಲಿಲ್ಲ, ಅಲ್ಲಿಂದ ರಿಟರ್ನ್ ಲೋಡ್ ಏನು ಬರತೈತಿ ಅನ್ನೋದ್ರ ಮ್ಯಾಲ ನಮ್ಮ ಲೆಕ್ಕ. ಅಲ್ಲೆ 400 ಕಿಲೋಮೀಟರ್ ಮ್ಯಾಲ ಸ್ಪೇಸ್ ಸ್ಟೇಷನ್ನಿನ್ಯಾಗೂ ಇದ ಲೆಕ್ಕ ನೋಡು. ಸಾಮಾನು ಒಯ್ಯೋ ಹಡಗದಾಗ ರಷ್ಯಾದ ಪ್ರೋಗ್ರೆಸ್, ಅಮೆರಿಕಾದ ಸಿಗ್ನಸ್ ಇವು ಹೊಳ್ಳಿ ಭೂಮಿಗೆ ಮುಟ್ಟೂದಿಲ್ಲ, ಪೆಸಿಫಿಕ್ ಸಮುದ್ರದ ಮ್ಯಾಲ ಗಾಳಿಗೆ ಉಜ್ಜಿ ಸುಟ್ಟು ಹೋಗ್ತಾವು, ಹಿಂಗಾಗಿ ಅವಕ್ಕ ಕಸ ತುಂಬತಾರ, ಹಾಕ್ಕೊಂಡು ಬಿಟ್ಟ ಅರಿವಿ ಸೈತ, ಯಾಕಂದ್ರ ಅಲ್ಲೆ ಅರಿವಿ ಒಗ್ಯಾಕ ಬರೂದಿಲ್ಲ. ಅಮೆರಿಕಾದ್ದ ಇನ್ನೊಂದು ಹಡಗ ಡ್ರ್ಯಾಗನ್ ಮಾತ್ರ ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕ ಇಳಿತೈತಿ, ಪ್ರಯೋಗದ ಸಾಮಾನೆಲ್ಲಾ ಅದ್ರಾಗ ಬರ್ತಾವು.

ನಮ್ಮ ಧಾರವಾಡದ ಹೆಸರುಕಾಳು ಮೆಂತೆಕಾಳು ಹಂಗ ಬಂದ್ವು, ನೆನಪೈತಿಲ್ಲೋ? ಕೃಷಿ ವಿಶ್ವವಿದ್ಯಾಲಯ ಮತ್ತ ಐಐಟಿ ಧಾರವಾಡದವ್ರು ಕೊಟ್ಟ ಕಾಳು, 2025ರ ಜೂನ್ 25ಕ್ಕ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಸ್ಟೇಷನ್ನಿಗೆ ಹೋದಾಗ ಹೋಗಿದ್ದು, ಅವ್ರು ಅಲ್ಲೆ ಅವನ್ನ ಮೊಳಕಿ ಬರಿಸಿ ಫ್ರೀಜರಿನ್ಯಾಗ ಇಟ್ರು. ಆ ಸಲ ಜನರನ್ನ ಒಯ್ಯೋ ಡ್ರ್ಯಾಗನ್ನ ಅದು, ಆದ್ರೂ ಅದ್ರಾಗ 260 ಕೆಜಿ ಮ್ಯಾಲ ಸಾಮಾನಿತ್ತು. ಜುಲೈ 14ಕ್ಕ ಸ್ಟೇಷನ್ ಬಿಟ್ಟು ಮರುದಿನ ಕ್ಯಾಲಿಫೋರ್ನಿಯಾ ಹತ್ರ ಇಳೀತು. ಬಿಡೋ ಕೆಲಸ ಕೆಟ್ಟಿದ್ರ ಆ ಮೊಳಕಿ ನೋಡಾಕ ಯಾರಿಗೂ ಸಿಗ್ತಿದ್ದಿಲ್ಲ. ನಿನ್ನ ಭಾಗ ಅದ!

ಈಗ ಕೊಂಡಿ ಬಿಚ್ಚೋ ಮಾತು. ಎಷ್ಟೋ ದಿನ ಮೊದಲ ತುಂಬಾಕ ಸುರು ಮಾಡ್ತಾರ, ಯಾವ ಚೀಲ ಎಲ್ಲಿ ಅಂತ ಕೆಳಗಿಂದ ಪಟ್ಟಿ ಬರತೈತಿ, ಯಾಕಂದ್ರ ಭಾರ ಒಂದ ಕಡೆ ಆದ್ರ ಥ್ರಸ್ಟರ್ (ಹಡಗ ದೂಡೋ ಸಣ್ಣ ಎಂಜಿನ್) ಹೊಡದಾಗ ಹಡಗ ವಾಲತೈತಿ. ಆಮ್ಯಾಲ ಬಾಗಲದಾಗಿನ ವಾಯರ್, ಗಾಳಿ ಪೈಪ್ ತಗೀತಾರ, ಎರಡೂ ಬಾಗಲಾ ಮುಚ್ಚತಾರ, ನಡುವಿನ ಸಣ್ಣ ಜಾಗದ ಗಾಳಿ ಹೊರಗ ಬಿಟ್ಟು ಎಲ್ಲೆರ ಸೋರತೈತೇನು ಅಂತ ಪ್ರೆಶರ್ ನೋಡ್ಕೋತ ಕುಂದರ್ತಾರ. ಸಿಗ್ನಸ್ ಆದ್ರ 16 ಬೋಲ್ಟ್ ಬಿಚ್ಚಿ, 17 ಮೀಟರಿಗಿಂತ ಉದ್ದದ ರೋಬೋಟ್ ಕೈ ಅದನ್ನ ಹಿಡದು ದೂರ ಒಯ್ದು ಬಿಡತೈತಿ. ಪ್ರೋಗ್ರೆಸ್‌ದು ನಂಗ ಭಾಳ ಸೇರತೈತಿ: ಕೊಕ್ಕಿ ಬಿಚ್ಚಿದ ಕೂಡ್ಲೇ ಸ್ಪ್ರಿಂಗ್ ಒತ್ತತಾವು, ಹಡಗ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ಸರಿತೈತಿ, ಅಷ್ಟ, ಎರಡೂ ಕೂಡಿ ತಾಸಿಗೆ 28,000 ಕಿಲೋಮೀಟರ್ ಓಡೂಮುಂದ! ಹತ್ರನ ಥ್ರಸ್ಟರ್ ಹೊಡದ್ರ ಆ ಬಿಸಿ ಗ್ಯಾಸ್ ಸ್ಟೇಷನ್ನಿನ ಸೋಲಾರ್ ಪ್ಯಾನೆಲ್ಲಿಗೆ ಬಡಿತೈತಿ, ಅದಕ್ಕ ಮೊದಲ ಸ್ಪ್ರಿಂಗ್, ದೂರ ಹೋದ ಮ್ಯಾಲ ಥ್ರಸ್ಟರ್.

ಬಾಗಲದಾಗ ಏನೂ ಇರಬಾರದು ಅನ್ನೋದು ಯಾಕಂತ ತಿಳೀಬೇಕಂದ್ರ ರಷ್ಯಾದ ಹಳೇ ಸ್ಪೇಸ್ ಸ್ಟೇಷನ್ ಮೀರ್‌ನ ಕತಿ ಓದು. 1997ರ ಜೂನ್ 25ಕ್ಕ, ಬಿಟ್ಟು ಹೊರಗ ಹೋಗಿದ್ದ ಪ್ರೋಗ್ರೆಸ್ಸನ್ನ ರಿಮೋಟ್ ಹಿಡದು ಹೊಳ್ಳಿ ಕೂಡಸೋ ಪರೀಕ್ಷಾ ನಡದಿತ್ತು, ಅದು ಹತೋಟಿ ತಪ್ಪಿ ಸ್ಪೆಕ್ಟರ್ ಅನ್ನೋ ಖೋಲಿಗೆ ಬಡೀತು, ಗಾಳಿ ಸೋರಾಕ ಹತ್ತಿತು. ಖೋಲಿ ಮುಚ್ಚೂಣು ಅಂದ್ರ ಬಾಗಲದಾಗ ವಾಯರ್ ಹಾದಿದ್ವು. ಕೆಲವೊಂದು ಬಿಚ್ಚಿ, ಕೆಲವೊಂದು ಕೊಯ್ದು ಒಗದು, ಮುಚ್ಚಿದ್ರು. ಸ್ಟೇಷನ್ನಿನ್ಯಾಗಿದ್ದ ಮೂರೂ ಮಂದಿ ಉಳದ್ರು ಪುಣ್ಯಾಕ.

ಬಿಟ್ಟ ಮ್ಯಾಲ ಹಡಗಿಂದು ಕೆಲಸ ಮುಗೀತು ಅಂತನೂ ತಿಳ್ಕೋಬ್ಯಾಡ. 2020ರಾಗ ಹೋದ ಒಂದ ಸಿಗ್ನಸ್ಸಿಗೆ ನಮ್ಮ ಕಲ್ಪನಾ ಚಾವ್ಲಾ ಹೆಸರಿಟ್ಟಿದ್ರು. ಅದು 2021ರ ಜನವರಿ 6ಕ್ಕ ಸ್ಟೇಷನ್ ಬಿಡ್ತು, ಆಮ್ಯಾಲ ಅದ್ರೊಳಗ ಬೇಕಂತನ ಬೆಂಕಿ ಹಚ್ಚಿ, ಭಾರ ಇಲ್ಲದಲ್ಲೆ ಬೆಂಕಿ ಹೆಂಗ ಹರಡತೈತಿ ಅಂತ ನೋಡಿದ್ರು, ಜನ ಇದ್ದಲ್ಲೆ ಇಂಥಾದ್ದು ಮಾಡಾಕ ಬರತೈತೇನು? ಜನವರಿ 26ಕ್ಕ ಅದು ಸುಟ್ಟು ಹೋತು. ಮುಂದ ಯಾರದರ ಜೀವ ಉಳಸೋ ವಿದ್ಯಾ ಕಲಿಸಿ ಹೋತು ಅದು, ಕೊಲಂಬಿಯಾ ನೌಕೆ ಒಡದಾಗ ಜೀವ ಬಿಟ್ಟ ಆ ಹೆಣ್ಣಮಗಳ ಹೆಸರಿನ್ಯಾಗ. ಓದಿದಾಗ ನಂಗ ಕಣ್ಣಾಗ ನೀರು ಬಂದ್ವು.

ನಮ್ಮ ಇಸ್ರೋದವ್ರೂ 2025ರ ಜನವರಿ 16ಕ್ಕ ಸ್ಪೇಡೆಕ್ಸ್ ಉಪಗ್ರಹ ಎರಡನ್ನೂ ಕೂಡಿಸಿ ಸುಮ್ನ ಕುಂದರಲಿಲ್ಲ, ಮಾರ್ಚ್ 13ಕ್ಕ ಬಿಡಿಸಿ ತೋರಿಸಿದ್ರು. ಚಂದ್ರನ ಮಣ್ಣು ತರೋ ಚಂದ್ರಯಾನ-4ಕ್ಕ ಕೂಡಸೋದು ಬಿಡಸೋದು ಎರಡೂ ಬೇಕು. ನಿಮ್ಮ ಸರ್‌ಗೆ ಇದನ್ನ ಹೇಳು.

ಮಾಡೆಲ್ಲಿನ್ಯಾಗ ಹಡಗ ಕೈಲೆ ಜಗ್ಗಿ ತೋರಸಬ್ಯಾಡ, ಸ್ಪ್ರಿಂಗಿನಿಂದನ ಸರೀಲಿ. ಅಳತಿ ಬರದು ವಾಟ್ಸಾಪ್ ಮಾಡು, ಇಲ್ಲೆ ಗ್ಯಾರೇಜಿನ್ಯಾಗ ಹೇಳಿ ಮಾಡಿಸಿ ಶನಿವಾರದ ಬಸ್ಸಿಗೆ ಇಡ್ತೀನಿ. ಎಲ್ಲಾ ಸ್ಪ್ರಿಂಗ್ ಒಂದ ಜೋರಿನ್ವು ಇರಬೇಕು, ಒಂದು ಜಾಸ್ತಿ ಒತ್ತಿದ್ರ ಹಡಗ ತಿರುಗತೈತಿ, ಅದಕ್ಕ ನಾಕ ಬೇಕಾದ್ರ ಆರು ಕಳಸ್ತೀನಿ, ನೋಡಿ ಜೋಡಿ ಮಾಡ್ಕೊ.

ನಿನ್ನ ಅಪ್ಪ