ಗೆಳೆಯನಿಗೊಂದು ಪತ್ರ: ನಿನ್ನ ಆನೆಗೆ ಏನಾಗಿದೆ?

ದೋಸ್ತಾ,

ವಾಟ್ಸಾಪಿನಲ್ಲಿ ಉತ್ತರ ಕೊಟ್ಟರೆ ನೀಲಿ ಟಿಕ್ ಬೀಳಿಸಿ ಸುಮ್ಮನಾಗ್ತೀ. ಅದಕ್ಕೇ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಸಾಕ್ಷಿಗೆ ನಾಲ್ಕು ಜನ ಇರಲಿ.

ನಾವಿಬ್ಬರೂ ಆಡುವ ಸಿವಿಲೈಜೇಶನ್ 6 ಅನ್ನೋ ಕಂಪ್ಯೂಟರ್ ಯುದ್ಧದಾಟದಲ್ಲಿ ಭಾರತದ ಆನೆಪಡೆ, ಅದೇ 'ವರು', ಅದರ ಬಲ ಜಾಸ್ತಿ ಆಯ್ತು, 'ಮಾಡ್', ಅಂದರೆ ಆಟವನ್ನು ತಿದ್ದುವ ಪುಟ್ಟ ಪ್ರೋಗ್ರಾಂ, ಬರೆದು ಇಳಿಸೋಣವಾ ಅಂತ ಕೇಳಿದ್ದೀಯಲ್ಲ. ನನ್ನನ್ನು ಕೇಳಿದರೆ ಬೇಡ. ಬಲ 40 ಅಂತ ನೋಡಿ ಎಲ್ಲರೂ ಹೆದರುತ್ತಾರೆ. ಆದರೆ ಅದು ಒಂದು ಸರದಿಗೆ ನಡೆಯೋದು ಎರಡೇ ಮನೆ. ಮಾಮೂಲಿ ಕುದುರೆ ಸವಾರನ ಬಲ 36 ಇದ್ದರೂ ನಾಲ್ಕು ಮನೆ ಓಡುತ್ತಾನೆ. ಆನೆ ಬರೋದು ಕಂಡ ಮೇಲೆ ಆರಾಮಾಗಿ ಚಹಾ ಕುಡಿದು ಓಡಿದರೂ ನಡೆಯುತ್ತದೆ. ಅದರ ಅಸಲಿ ಗತ್ತು ಇರೋದು ಪಕ್ಕಕ್ಕೆ ಬಂದು ನಿಂತಾಗ. ಅಕ್ಕಪಕ್ಕದ ಶತ್ರುಗಳ ಬಲ 5 ಇಳಿದುಬಿಡುತ್ತದೆ. ಆನೆ ಮುಂದೆ ನಿಂತು ಅಂಜಿಸಬೇಕು, ಹಿಂದಿನ ಬಿಲ್ಲುಗಾರರು ಹೊಡೆಯಬೇಕು. ಇದನ್ನು ನನಗೆ ಕಲಿಸಿದವನು ನೀನೇ.

ಇನ್ನು ಅಂಕಿಗಿಂತ ದೊಡ್ಡದು, ಒಂದೊಂದು ನಾಡಿಗೆ ಇರೋ ಇಂಥ ವಿಶೇಷ ಪಡೆ ಆಟದಲ್ಲಿ ಯಾವಾಗ ಬರುತ್ತದೆ ಅನ್ನೋದು. ಅಜ್ಟೆಕರ ಈಗಲ್ ವಾರಿಯರ್ ಶುರುವಿನಲ್ಲೇ 28 ಬಲ ಇಟ್ಟುಕೊಂಡು ಬರುತ್ತಾನೆ. ಎದುರಿಗೆ ನಮ್ಮ ಬಡಪಾಯಿ ವಾರಿಯರ್, 20. ಸೋತವರನ್ನು ಹಿಡಿದು ಕೂಲಿಗೂ ಹಚ್ಚಬಲ್ಲ. ಅಮೆರಿಕದ ಪಿ-51 ಮಸ್ಟಾಂಗ್ ವಿಮಾನವೋ, ಅಕ್ಷತೆ ಬಿದ್ದ ಮೇಲೆ ಬಂದ ಬ್ಯಾಂಡಿನವರ ಹಾಗೆ. ಇಳಿಸೋದಿದ್ದರೆ ಅಜ್ಟೆಕರನ್ನು ಇಳಿಸು, ಆನೆ ಪಾಡಿಗೆ ಆನೆ ಇರಲಿ.

ಆದರೆ ಹೋದ ವಾರದ ಆಟದಲ್ಲಿ ಬಂದ ನಿನ್ನ ಆನೆಯ ಮಾತೇ ಬೇರೆ.

ಗುಡ್ಡಕ್ಕೂ ಹೊಳೆಗೂ ನಡುವಿನ ಸಂದಿಯಲ್ಲಿ ಅದು ಒಂಟಿಯಾಗಿ ಬಂತು. ಮೂರು ಕಡೆ ನನ್ನ ಈಟಿಯವರು, ಹಿಂದೆ ಊರ ಗೋಡೆಯಿಂದ ಬಾಣ. ಈಟಿಯವನ ಬಲ 25, ಸವಾರಿ ಪಡೆಯ ಮೇಲೆ 10 ಹೆಚ್ಚು, ಆನೆಯ ಅಂಜಿಕೆಗೆ 5 ಕಳೆದರೂ 30. ನಿನ್ನ ಬಿಲ್ಲುಗಾರರು ಗುಡ್ಡದ ಮೇಲೇ ಇದ್ದರು, ಕದಲಲಿಲ್ಲ. ಅರ್ಧ ಜೀವ ಹೋದ ಮೇಲೂ ಆನೆ ಹಿಂದೆ ಸರಿಯಲಿಲ್ಲ. ನಾನು ಕುಣಿದಾಡಿ ಹೊಡೆದೆ. ಮರುದಿನ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಉಣಕಲ್ ದಾಟುವಾಗ ತಲೆಗೆ ಹೋಯಿತು. ಲೇ, ಹಂಗೆ ಆನೆ ಕಳೆದುಕೊಳ್ಳೋನಲ್ಲ ನೀನು.

ನನ್ನ ಅಂಗಡಿ ಮುಚ್ಚಿದಾಗಿನಿಂದ ನಾನು ಒಂದು ಆಟವನ್ನೂ ಸೋತಿಲ್ಲ. ಅಲ್ವಾ?

ಗೊತ್ತೇ ಇರಲಿಲ್ಲ ಅಂತ ಹೇಳಲಾರೆ. ಗೊತ್ತಾಗೋದು ಬೇಡವಾಗಿತ್ತು. ಬೆಳಗ್ಗೆ ಎದ್ದರೆ ತೆರೆಯೋಕೆ ಶಟರ್ ಇಲ್ಲ. ಅಪ್ಪ ಏನೂ ಕೇಳೋದಿಲ್ಲ, ಅದೇ ಕಷ್ಟ. ಅಂಥಾದ್ದರಲ್ಲಿ ಫೋನಿನಲ್ಲಿ 'ನಿಮ್ಮ ಸರದಿ' ಅಂತ ಬಂದರೆ, ನನಗೋಸ್ಕರ ಎಲ್ಲೋ ಏನೋ ನಿಂತಿದೆ ಅನ್ನಿಸುತ್ತಿತ್ತು. ಗೆದ್ದಿದ್ದನ್ನು ಅವ್ವನಿಗೂ ಹೇಳಿದೆ. ಯಾರ ಮ್ಯಾಲೆ ಗೆದ್ದಿ ಅಂದಳು. ನಿನ್ನ ಹೆಸರು ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸದೇ ಅಂದಳು: "ಅಂವ ಕೇರಂ ಆಡುವಾಗಿಂದ ನಿನಗ ಬಿಟ್ಟಕೊಡಕೋತ ಬಂದಾನ."

ಕೇರಂ ಬಗ್ಗೆ ನೀನು ಬಾಯಿ ಬಿಡಬೇಡ. ಆ ಓಣಿಯ ಚಾಂಪಿಯನ್‌ಶಿಪ್ ಒಂದನ್ನಾದರೂ ನನಗೆ ಉಳಿಸು.

ಸಾಕು. ಓದುವವರಲ್ಲಿ ಕೆಲವರು ನಮ್ಮ ಓಣಿಯವರೇ, ನಾಳೆ ಕಿರಾಣಿ ಅಂಗಡಿಯಲ್ಲಿ 'ಆನೆ ಹೆಂಗದನ್ರೀ' ಅಂತ ಕೇಳ್ತಾರೆ. ಹೊಸ ಕಾನೂನು ಇಷ್ಟೇ. ಮುಂದಿನ ಆಟದಲ್ಲಿ ಆನೆ ನನ್ನದು, ನೀನು ಬೇಕಾದ್ದು ತಗೋ, ಅಜ್ಟೆಕರನ್ನು ಬಿಟ್ಟು. ಬಿಲ್ಲುಗಾರರಿಲ್ಲದೆ ಯಾರೇ ಮುಂದೆ ಬಂದು ನಿಂತರೂ ಅರ್ಧ ಕೆಜಿ ಪೇಢೆ ದಂಡ. ಧಾರವಾಡ ಲೈನ್ ಬಜಾರಿನದೇ ಆಗಬೇಕು, ಪುಣೆಯಲ್ಲಿ ಸಿಗೋದನ್ನು ಕೊರಿಯರ್ ಮಾಡಿದರೆ ನವಲಗುಂದದ ಕಾಕಾಗೆ ಹೇಳ್ತೀನಿ.

ಈಗ ನಿನ್ನ ಸರದಿ. ಹೊಡೆಯೋದಾದರೆ ಸರಿಯಾಗಿ ಹೊಡಿ. ತೀರಾ ಸರಿಯಾಗಿಯೂ ಬೇಡ ಮಾರಾಯ, ಗುರುವಾರ ನನಗೊಂದು ಇಂಟರ್‌ವ್ಯೂ ಇದೆ.